ಕೆರೆದಂಡೆಗೆ ಜೆಸಿಬಿ ಇಳಿಯುವ ಮೊದಲು

(ಯುವಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಅಂಗಡಿಯ ನಾಮಫಲಕದ ಬಗ್ಗೆ ಮಾತಾಡುವುದಿಲ್ಲ. ಬ್ಯಾಂಕಿನ ಚಲನ್, ಪರೀಕ್ಷೆಯ ಮಾಧ್ಯಮ, ರೈಲ್ವೆ ಸ್ಟೇಷನ್ನಿನ ಪ್ರಕಟಣೆ, ಇವುಗಳ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ, ಬೇಕಾದಷ್ಟು ಕೂಗಿದ್ದೀರಿ. ಇವತ್ತಿನ ವಿಷಯ ಮಣ್ಣು. ಕೆರೆದಂಡೆಯ ಮಣ್ಣು.

ನಮ್ಮ ಊರುಗಳಲ್ಲಿ ಈಗ ಕೆರೆಗಳಿಗೆ ಒಳ್ಳೆಯ ಕಾಲ ಬಂದಿದೆ ಎನ್ನುತ್ತಾರೆ. ಕೆರೆ ಎಂದರೆ ಪಾರ್ಕು, ವಾಕಿಂಗ್ ಪಾತ್, ಬೋಟಿಂಗ್, ಬಣ್ಣದ ದೀಪ, ಸೆಲ್ಫಿ ಪಾಯಿಂಟ್. ತಪ್ಪೇನಿಲ್ಲ. ಜನ ಸಂಜೆ ಹೊತ್ತು ನೀರಿನ ಪಕ್ಕ ನಡೆಯಲಿ, ಮಕ್ಕಳು ಆಡಲಿ. ಕಸ ಸುರಿಯುವ ಕೆರೆಗಿಂತ ಜನ ನಡೆಯುವ ಕೆರೆ ಸಾವಿರ ಪಾಲು ಮೇಲು. ಆದರೆ ನನ್ನದು ಒಂದೇ ಒಂದು ಪ್ರಶ್ನೆ. ಜೆಸಿಬಿ ಇಳಿಯುವ ಮೊದಲು ಆ ನೆಲವನ್ನು ಯಾರು ನೋಡಿದರು? ನೀರಾವರಿ ಎಂಜಿನಿಯರ್ ನೋಡಿದ. ಕಂಟ್ರಾಕ್ಟರ್ ನೋಡಿದ. ಸರ್ವೆಯರ್ ಬಂದು ಗಡಿಕಲ್ಲು ನೆಟ್ಟ. ಆದರೆ ಆ ನೆಲದಲ್ಲಿ ಹಳೆಯದೇನಾದರೂ ಇದೆಯೇ ಎಂದು ಬಗ್ಗಿ ನೋಡಿದವರು ಯಾರು?

ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಸಾಮಾನ್ಯವಾಗಿ ಯಾರೂ ಇಲ್ಲ.

ಕೆರೆ ಎಂದರೆ ಬರೀ ನೀರಲ್ಲ

ನಮ್ಮ ಹಿರಿಯರು ಕೆರೆ ಕಟ್ಟುವಾಗ ಅದರ ಜೊತೆಗೆ ಇನ್ನೂ ಎಷ್ಟೋ ಕಟ್ಟುತ್ತಿದ್ದರು. ಏರಿ, ತೂಬು, ಕೋಡಿ, ಮೆಟ್ಟಿಲು, ಪಕ್ಕದಲ್ಲೊಂದು ಗುಡಿ ಅಥವಾ ಬಸದಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕಲ್ಲು. ಆ ಕಲ್ಲಿನ ಮೇಲೆ ಬರವಣಿಗೆ. ಕೆರೆ ಕಟ್ಟಿಸಿದವರು ಯಾರು, ನೋಡಿಕೊಳ್ಳಬೇಕಾದವರು ಯಾರು, ಅವರಿಗೆ ಕೊಟ್ಟ ಗದ್ದೆ ಯಾವುದು, ಕೆಡಿಸಿದವನಿಗೆ ಏನು ಶಾಪ, ಎಲ್ಲ ಅದರಲ್ಲಿ ಇರುತ್ತಿತ್ತು. ಕೆರೆಯ ಕೆಲಸಕ್ಕೆ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕೊಡಗೆ ಎಂದು ಶಾಸನಗಳು ಹೆಸರಿಟ್ಟಿವೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ಆ ಕೆರೆಯ ಟೆಂಡರ್ ದಾಖಲೆ, ನಿರ್ವಹಣೆಯ ಕರಾರು, ಆಸ್ತಿಪತ್ರ ಮೂರೂ ಹೌದು. ನಾಡಿನ ಬಹುಪಾಲು ಕಡೆ ಅದು ಬರೆದಿರುವುದು ಕನ್ನಡದಲ್ಲಿ.

ಕನ್ನಡಕ್ಕೆ ಎರಡು ಸಾವಿರ ವರ್ಷದ ಇತಿಹಾಸ ಎಂದು ವೇದಿಕೆ ಮೇಲೆ ಎದೆ ತಟ್ಟುತ್ತೇವೆ. ಸಾಕ್ಷಿ ಎಲ್ಲಿದೆ? ಸಾಕ್ಷಿಯ ದೊಡ್ಡ ಪಾಲು ಕಲ್ಲಿನಲ್ಲಿದೆ. ಆ ಕಲ್ಲುಗಳು ಎಲ್ಲಿವೆ? ಗುಡಿಯ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ, ಕೆರೆಯ ಏರಿಯಲ್ಲಿ. ಅಂದರೆ ಇವತ್ತು ಜೆಸಿಬಿ ಹೋಗುವ ಜಾಗಗಳಲ್ಲೇ.

ಒಂದು ಉದಾಹರಣೆ ಕೊಡುತ್ತೇನೆ. ಶಿಕಾರಿಪುರ ತಾಲೂಕಿನ ತಾಳಗುಂದ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನ ಕದಂಬರ ಕಾಲದ್ದು, ಸಂಸ್ಕೃತದ್ದು. ಕಾಕುಸ್ಥವರ್ಮ ಅಲ್ಲೊಂದು ಕೆರೆ ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಹೆಚ್ಚುಕಡಿಮೆ 1500 ವರ್ಷದ ಹಿಂದಿನ ಮಾತು. ಆ ಕಂಬ ಎಲ್ಲರಿಗೂ ಗೊತ್ತಿತ್ತು. ಆದರೆ 2013ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅದೇ ಗುಡಿಯ ಆವರಣದ ಮಣ್ಣು ತೆಗೆದಾಗ ಸಿಂಹ ಕೆತ್ತಿದ ಮೆಟ್ಟಿಲ ಕಟಕಟೆಯೊಂದು ಸಿಕ್ಕಿತು. ಅದರ ಮೇಲೆ ಸಂಸ್ಕೃತದ ಜೊತೆ ಕನ್ನಡವೂ ಇದೆ. ಪುರಾತತ್ವದವರು ಅದನ್ನು ಕ್ರಿ.ಶ. 370ರ ಹೊತ್ತಿನದು ಎಂದು ಅಂದಾಜಿಸಿದರು. ಸುಮಾರು 450ರದು ಎನ್ನುವ ಹಲ್ಮಿಡಿ ಶಾಸನಕ್ಕಿಂತ ಹಿಂದಿನದು! ಆ ಮಣ್ಣನ್ನು ಅಗೆದದ್ದು ತಿಳಿದವರ ಕೈ. ಹುಲ್ಲುಹಾಸು ಹಾಸಲು ಬಂದ ಯಂತ್ರ ಅಗೆದಿದ್ದರೆ? ಆ ಕಲ್ಲು ಯಾವುದೋ ಕಾಂಪೌಂಡ್ ಗೋಡೆಯ ತಳಪಾಯದಲ್ಲಿ ಇರುತ್ತಿತ್ತು. ನಾವು ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆವು.

ನಮ್ಮ ಕರಾವಳಿಗೆ ಇದು ಇನ್ನೂ ಮುಖ್ಯ

ಯಾಕೆ ಎಂದು ಕೇಳಿ. ಹಳೆ ಮೈಸೂರಿನಲ್ಲಿ 1885ರಲ್ಲೇ ಪುರಾತತ್ವ ಇಲಾಖೆ ಹುಟ್ಟಿತು. ಬಿ.ಎಲ್. ರೈಸ್ ಮತ್ತು ಅವರ ಸಹಾಯಕರು ಹಳ್ಳಿ ಹಳ್ಳಿ ಸುತ್ತಿ ಸುಮಾರು 9 ಸಾವಿರ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1936ರಲ್ಲಿ ಹಲ್ಮಿಡಿ ಶಾಸನವನ್ನು ಗುರುತಿಸಿದ ಡಾ. ಎಂ.ಎಚ್. ಕೃಷ್ಣ ಅವರೂ ಅದೇ ಇಲಾಖೆಯ ನಿರ್ದೇಶಕರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆ? 1956ರ ತನಕ ಮದರಾಸಿಗೆ ಸೇರಿತ್ತು. ಹಾಗಾಗಿ ರೈಸ್ ಅವರ ಆ ಸಂಪುಟಗಳಲ್ಲಿ ನಮ್ಮ ಜಿಲ್ಲೆ ಇಲ್ಲ. ನಮ್ಮ ಶಾಸನಗಳು ದಕ್ಷಿಣ ಭಾರತದ ಶಾಸನಗಳು ಎಂಬ ಮಾಲೆಯಲ್ಲಿ, ಎಪಿಗ್ರಾಫಿಯ ಇಂಡಿಕದಲ್ಲಿ, ಮದರಾಸಿನ ವಾರ್ಷಿಕ ವರದಿಗಳಲ್ಲಿ ಚದುರಿಹೋಗಿವೆ. ಊರೂರು ಸುತ್ತಿ ಹುಡುಕುವ ಕೆಲಸ ಇಲ್ಲಿ ತಡವಾಗಿ ಶುರುವಾಯಿತು. ಇದು ಗಡಿಯ ಗೆರೆ ಮಾಡಿದ ಅನ್ಯಾಯ.

ಆ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಡಾ. ಪಿ. ಗುರುರಾಜ ಭಟ್ಟರ ಹೆಸರು ಮರೆಯಬಾರದು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಪಾಠ ಮುಗಿಸಿ ಹಳ್ಳಿ ಹಳ್ಳಿ ತಿರುಗಿದರು. ಗುಡಿ, ವಿಗ್ರಹ, ಶಾಸನಗಳನ್ನು ದಾಖಲು ಮಾಡಿದರು. 1975ರಲ್ಲಿ ತುಳುನಾಡಿನ ಇತಿಹಾಸ, ಸಂಸ್ಕೃತಿಯ ಮೇಲೆ ಬೃಹತ್ ಗ್ರಂಥ ತಂದರು. 1978ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯ ಇಷ್ಟು ಮಾಡಬಹುದಾದರೆ, ಒಂದು ಇಲಾಖೆ, ಒಂದು ನಗರಸಭೆ, ನೂರು ಹುಡುಗರು ಸೇರಿ ಎಷ್ಟು ಮಾಡಬಹುದು?

ನಮ್ಮಲ್ಲಿ ಏನಿದೆ ಎಂದು ಲೆಕ್ಕ ಹಾಕಿ. ಸಾಲಿಗ್ರಾಮದ ಹತ್ತಿರ ವಡ್ಡರ್ಸೆ. ಅಲ್ಲಿನ ಆಳುಪರ ಶಾಸನ 7ನೇ ಶತಮಾನದ್ದು. ಈ ಕರಾವಳಿಯ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಅದೊಂದು. ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ಬೆಳ್ಮಣ್ಣು. ಅಲ್ಲಿನ ತಾಮ್ರಪಟ 8ನೇ ಶತಮಾನದ ಮೊದಲ ಭಾಗದ್ದು, ಇಮ್ಮಡಿ ಆಳುವರಸನದು, ಜೋಡಿ ಮೀನಿನ ಲಾಂಛನದ್ದು. ಪೂರ್ತಿ ಕನ್ನಡದಲ್ಲಿ ಬರೆದ ತಾಮ್ರಪಟಗಳಲ್ಲಿ ಅದೇ ಅತಿ ಹಳೆಯದು ಎಂದು ಹೆಸರಾಗಿದೆ. ಉಡುಪಿಗೂ ಕಾಪುವಿಗೂ ನಡುವೆ ಉದ್ಯಾವರ. ಇವತ್ತು ನೀವು ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ದಾಟಿಹೋಗುವ ಊರು. ಅದು ಆಳುಪರ ರಾಜಧಾನಿಯಾಗಿತ್ತು. ಆ ಊರಿಗಾಗಿ ನಡೆದ ಕಾದಾಟದಲ್ಲಿ ಸತ್ತವರ ವೀರಗಲ್ಲುಗಳು ಅಲ್ಲಿ ಸಿಕ್ಕಿವೆ. ಜರ್ಮನಿಯ ಹುಲ್ಟ್ಸ್ ಎಂಬ ವಿದ್ವಾಂಸ ಅವನ್ನು ಓದಿ ಅಚ್ಚು ಮಾಡಿಸಿದ. ಜರ್ಮನಿಯವನು ಓದಿದ ಕನ್ನಡವನ್ನು ಉದ್ಯಾವರದ ಹುಡುಗ ಓದಿಲ್ಲ!

ಮನೆಯಲ್ಲಿ ತುಳು, ಕಲ್ಲಿನ ಮೇಲೆ ಕನ್ನಡ. ಇದು ಈ ನೆಲದ ನಡೆ. ಎರಡಕ್ಕೂ ಜಗಳವಿಲ್ಲ. ಊರ ಹೆಸರುಗಳನ್ನೇ ನೋಡಿ. ಪಳ್ಳ, ಮದಗ, ಕಟ್ಟ, ಕೆರೆ. ಮಣಿಪಾಲ ಎಂದು ನೀವು ಕರೆಯುವ ಊರಿನ ಹೆಸರು ಬಂದದ್ದು ಮಣ್ಣಪಳ್ಳದಿಂದ. ಮಣ್ಣು, ಪಳ್ಳ. ತುಳುವಿನಲ್ಲಿ ಪಳ್ಳ ಎಂದರೆ ಕೆರೆ. ಇಂಗ್ಲಿಷರ ನಾಲಿಗೆಗೆ ಸಿಕ್ಕಿ ಮಣಿಪಾಲ್ ಆಯಿತು. ದೇಶವಿದೇಶದಿಂದ ಇಲ್ಲಿಗೆ ಓದಲು ಬರುತ್ತಾರೆ. ಊರಿಗೆ ಹೆಸರು ಕೊಟ್ಟದ್ದು ಒಂದು ಕೆರೆ ಎಂದು ಎಷ್ಟು ಮಂದಿಗೆ ಗೊತ್ತು? ಮಣ್ಣಪಳ್ಳದ ಸುತ್ತ ನಡೆಯುವವರನ್ನೇ ಕೇಳಿ ನೋಡಿ.

ಇನ್ನು ಕಾರ್ಕಳ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಗೊಮ್ಮಟ, 1586ರಲ್ಲಿ ಇಮ್ಮಡಿ ಭೈರವ ಕಟ್ಟಿಸಿದ ಚತುರ್ಮುಖ ಬಸದಿ ಎಲ್ಲರಿಗೂ ಗೊತ್ತು. ಆದರೆ ಕಾರ್ಕಳವನ್ನು ಊರಾಗಿ ಮಾಡಿದ್ದು ಕೆರೆಗಳು: ಆನೆಕೆರೆ, ರಾಮಸಮುದ್ರ. ಆನೆಕೆರೆಯ ನಡುವೆ ಬಸದಿಯಿದೆ. ಅರಮನೆಯ ಆನೆಗಳು ಮೀಯುತ್ತಿದ್ದ ಕೆರೆ ಎಂದು ಜನ ಹೇಳುತ್ತಾರೆ. 13ನೇ ಶತಮಾನದಲ್ಲಿ ಪಾಂಡ್ಯದೇವ ಕಟ್ಟಿಸಿದ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಆಚೆ ವರಂಗದಲ್ಲಿ ದೋಣಿಯಲ್ಲಿ ಹೋಗಬೇಕಾದ ಕೆರೆಬಸದಿ. ಕೆರೆಯ ನಡುವೆ ಬಸದಿ ಕಟ್ಟಿದವರು ಕೆರೆಯ ದಂಡೆಯಲ್ಲಿ ಏನೂ ಕಟ್ಟಲಿಲ್ಲವೇ? ಕೆಲಸಗಾರರು ಎಲ್ಲಿದ್ದರು? ಕಲ್ಲು ಎಲ್ಲಿಂದ ತಂದರು? ಅವರ ಮಡಕೆ, ಒಲೆ, ಮನೆ? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ದಂಡೆಯ ಮಣ್ಣಿನಲ್ಲಿದೆ.

ಕಾನೂನು ಏನು ಹೇಳುತ್ತದೆ?

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ ಸ್ವಾಮಿ, ಇದೆ. 1958ರ ಕೇಂದ್ರ ಕಾಯಿದೆಯಿದೆ. 2010ರಲ್ಲಿ ಅದನ್ನು ಬಿಗಿ ಮಾಡಿದರು. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. 1961ರ ರಾಜ್ಯ ಕಾಯಿದೆಯೂ ಇದೆ. ಆದರೆ ಇವೆಲ್ಲ ಕಾಯುವುದು ಪಟ್ಟಿಗೆ ಸೇರಿದ್ದನ್ನು ಮಾತ್ರ. ಹೆಸರಿದ್ದ ಗೊಮ್ಮಟನಿಗೆ ಕಾವಲುಗಾರ ಇದ್ದಾನೆ. ಹೆಸರಿಲ್ಲದ ಕಲ್ಲಿಗೆ ಯಾರಿದ್ದಾರೆ? ಮಣ್ಣಿನ ಕೆಳಗಿರುವುದು ಪಟ್ಟಿಯಲ್ಲಿ ಹೇಗೆ ಇರುತ್ತದೆ? ಹುಡುಕಿದರೆ ತಾನೆ ಪಟ್ಟಿ?

ಕೆರೆಗೆ ಪ್ರತ್ಯೇಕ ಕಾನೂನೂ ಇದೆ. 2014ರಲ್ಲಿ ರಾಜ್ಯದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಬಂತು. ಒತ್ತುವರಿ ತಡೆಯಲು ಗಡಿ ಅಳೆಯುವ ಮಾತು ಅದರಲ್ಲಿದೆ. ಒಳ್ಳೆಯದು. ಆದರೆ ಅದು ಸರಪಳಿ ಹಿಡಿದು ಅಳೆಯುವ ಸರ್ವೆ. ಚರಿತ್ರೆ ಹುಡುಕುವ ಸರ್ವೆ ಬೇರೆ. 2017ರ ಜೌಗುಭೂಮಿ ನಿಯಮಗಳನ್ನು ನೋಡಿ. ಕುಡಿಯುವ ನೀರಿಗೆ, ನೀರಾವರಿಗೆ ಮನುಷ್ಯ ಕಟ್ಟಿದ ಕೆರೆಗಳನ್ನು ಅವು ಹೊರಗಿಟ್ಟಿವೆ. ಅಂದರೆ ನಮ್ಮ ಹಿರಿಯರು ಕೈಯಾರೆ ಕಟ್ಟಿದ್ದೇ ತಪ್ಪಾಯಿತು! ಕಾಪುವಿನ ಕಡಲತೀರಕ್ಕೆ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಅನ್ವಯಿಸುತ್ತದೆ. ಪುರಾತತ್ವದ ನೆಲೆಗಳನ್ನು ಅದು ಅತಿ ಬಿಗಿಯಾದ ವರ್ಗಕ್ಕೆ ಸೇರಿಸಿದೆ. ಆದರೆ ಅಲ್ಲೂ ಅದೇ ಕತೆ. ನೆಲೆ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ನಕ್ಷೆಯಲ್ಲಿ ಬರುತ್ತದೆ. ಒಳನಾಡಿನ ಕೆರೆಗೆ ಆ ನಿಯಮವೂ ಇಲ್ಲ.

ಪಾರ್ಕು ಮಾಡುವ ಮೊದಲು ಪುರಾತತ್ವ ಸಮೀಕ್ಷೆ ಮಾಡಲೇಬೇಕು ಎಂಬ ಸಾಮಾನ್ಯ ನಿಯಮ ನಮ್ಮಲ್ಲಿಲ್ಲ. ಬೇರೆ ಕಡೆ ಇದೆ. ಇಂಗ್ಲೆಂಡಿನಲ್ಲಿ 1990ರಿಂದ, ಕಟ್ಟಡಕ್ಕೆ ಅನುಮತಿ ಕೊಡುವ ಮೊದಲೇ ನೆಲದಡಿಯ ಚರಿತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಖರ್ಚು ಕಟ್ಟುವವನ ತಲೆಗೆ. ಫ್ರಾನ್ಸ್ 2001ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ ಇದು. ಕೃಷ್ಣಾ ನದಿಗೆ ನಾಗಾರ್ಜುನಸಾಗರ ಕಟ್ಟುವಾಗ 1954ರಿಂದ 1960ರ ತನಕ ನಾಗಾರ್ಜುನಕೊಂಡದ ಕಣಿವೆಯನ್ನು ಅಗೆದು, ದಾಖಲಿಸಿ, ಮುಖ್ಯವಾದ್ದನ್ನು ಗುಡ್ಡದ ಮೇಲಕ್ಕೆ ಸಾಗಿಸಿದರು. ಹೊಸ ಗಣರಾಜ್ಯ, ಕೈಯಲ್ಲಿ ಕಾಸಿಲ್ಲದ ಕಾಲ. ಆಗ ಒಂದು ಕಣಿವೆಗೆ ಆರು ವರ್ಷ ಕೊಟ್ಟ ದೇಶ ಈಗ ಒಂದು ಕೆರೆದಂಡೆಗೆ ಆರು ದಿನ ಕೊಡಲಾರದೆ?

ಸಮೀಕ್ಷೆ ಎಂದರೆ ಬ್ರಹ್ಮವಿದ್ಯೆಯಲ್ಲ

ಪುರಾತತ್ವ ಎಂದ ಕೂಡಲೇ ದೊಡ್ಡ ಗುಂಡಿ, ವರ್ಷಗಟ್ಟಲೆ ಕೆಲಸ ಎಂದು ಹೆದರಬೇಡಿ. ಸಮೀಕ್ಷೆ ಬೇರೆ, ಉತ್ಖನನ ಬೇರೆ. ಕ್ರಮ ಹೀಗಿದೆ, ಕೇಳಿ.

ಮೊದಲು ಮೇಜಿನ ಕೆಲಸ. ಹಳೆಯ ಗ್ರಾಮನಕ್ಷೆ, ಸರ್ವೆ ನಂಬರು, ಶಾಸನ ಸಂಪುಟ, ಪುರಾತತ್ವ ಇಲಾಖೆಯ ಗ್ರಾಮವಾರು ಸಮೀಕ್ಷೆಯ ಪುಸ್ತಕ ತೆರೆದು ನೋಡುವುದು. ಸ್ಥಳನಾಮ ಹುಡುಕುವುದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 6 ಸಂಪುಟಗಳ ತುಳು ನಿಘಂಟು ಮಾಡಿದೆ. ಒಂದು ಗದ್ದೆಯ ಹೆಸರಿನ ಅರ್ಥ ಅದರಲ್ಲಿ ಸಿಕ್ಕರೆ ಅರ್ಧ ಚರಿತ್ರೆ ಸಿಕ್ಕಂತೆ.

ಎರಡನೆಯದು ಕಾಲಿನ ಕೆಲಸ. ನಾಲ್ಕೈದು ಜನ ಸಾಲಾಗಿ, ಕೆಲವು ಮೀಟರ್ ಅಂತರದಲ್ಲಿ, ಕಣ್ಣು ನೆಲದ ಮೇಲಿಟ್ಟು ನಡೆಯುವುದು. ಮಡಕೆ ಚೂರು, ಕೆತ್ತಿದ ಕಲ್ಲು, ಕಬ್ಬಿಣದ ಕಿಟ್ಟ, ಹಳೆ ಇಟ್ಟಿಗೆ, ಎಲ್ಲವನ್ನೂ ಇದ್ದಲ್ಲೇ ಫೋಟೋ ತೆಗೆದು ನಕ್ಷೆಯಲ್ಲಿ ಗುರುತಿಸುವುದು. ಕಿತ್ತು ಮನೆಗೆ ಒಯ್ಯುವುದಲ್ಲ! ಮಾರ್ಚಿನಿಂದ ಮೇ ತನಕ ಹುಲ್ಲು ಒಣಗಿ ನೀರು ಇಳಿದಾಗ ಒಳ್ಳೆಯ ಕಾಲ. ಹತ್ತಿಪ್ಪತ್ತು ಎಕರೆಯ ದಂಡೆಯನ್ನು ಹೀಗೆ ಕೆಲವೇ ದಿನಗಳಲ್ಲಿ ನಡೆದು ಮುಗಿಸಬಹುದು.

ಮೂರನೆಯದು ಕಿವಿಯ ಕೆಲಸ. ಊರ ಹಿರಿಯರನ್ನು ಕೇಳುವುದು. ಯಾವ ಕಲ್ಲಿಗೆ ಎಣ್ಣೆ ಹಾಕುತ್ತಾರೆ, ಯಾವುದರ ಮೇಲೆ ಬಟ್ಟೆ ಒಗೆಯುತ್ತಾರೆ, ತೂಬು ಮೊದಲು ಎಲ್ಲಿತ್ತು, ಯಾವ ಬನಕ್ಕೆ ಕತ್ತಿ ಹಾಕಬಾರದು. ನಮ್ಮ ನಾಗಬನಗಳು ಎಷ್ಟೋ ಹಳೆಯ ಕಲ್ಲುಗಳನ್ನು ಕಾಪಾಡಿವೆ.

ಇಷ್ಟರಲ್ಲಿ ಏನಾದರೂ ಸುಳಿವು ಸಿಕ್ಕರೆ ನಾಲ್ಕನೆಯದು, ಸಣ್ಣ ಪರೀಕ್ಷಾ ಗುಂಡಿ. ಅದಕ್ಕೆ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಬೇಕು. ಅದು ತಜ್ಞರ ಕೆಲಸ. ನೀವೂ ನಾನೂ ಗುದ್ದಲಿ ಹಿಡಿಯಬಾರದು. ಕೊನೆಯದು, ಕಾಮಗಾರಿ ನಡೆಯುವಾಗ ತಿಳಿದವನೊಬ್ಬ ಯಂತ್ರದ ಪಕ್ಕ ನಿಂತು ನೋಡುವುದು.

ನಮ್ಮ ಮಣ್ಣಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮುರಕಲ್ಲಿನ ಮಣ್ಣು ಹುಳಿ. ಭಾರೀ ಮಳೆ ಬೇರೆ. ಇಲ್ಲಿ ಮೂಳೆ ಕರಗಿಹೋಗುತ್ತದೆ, ಮರ ಕೊಳೆತುಹೋಗುತ್ತದೆ. ಉಳಿಯುವುದು ಕಲ್ಲು ಮತ್ತು ಮಡಕೆ ಚೂರು. ಆದರೆ ಕೆರೆಯ ತಳದ ಹೂಳಿಗೆ ಗಾಳಿ ಹೋಗುವುದಿಲ್ಲ. ಅಲ್ಲಿ ಮರದ ತೂಬು, ಬೀಜ, ಹೂವಿನ ಪರಾಗ ಕೂಡ ನೂರಾರು ವರ್ಷ ಉಳಿಯಬಲ್ಲವು. ಹೂಳಿನ ಅತಿ ಕೆಳಗಿನ ಪದರದ ವಯಸ್ಸು ಕಂಡುಹಿಡಿದರೆ ಕೆರೆ ಕಟ್ಟಿದ ಕಾಲದ ಸುಳಿವು ಸಿಗುತ್ತದೆ. ಅಂದು ಸುತ್ತ ಭತ್ತ ಇತ್ತೋ ಕಾಡಿತ್ತೋ ತಿಳಿಯುತ್ತದೆ. ಹೂಳೆತ್ತಬೇಡಿ ಎನ್ನುತ್ತಿಲ್ಲ. ಹೂಳೆತ್ತಲೇಬೇಕು. ಎತ್ತುವ ಮೊದಲು ಒಂದು ಕೊಳವೆಯಷ್ಟು ಮಾದರಿ ತೆಗೆದಿಡಿ ಎನ್ನುತ್ತಿದ್ದೇನೆ. ಲಾರಿ ಹತ್ತಿದ ಮೇಲೆ ಅದು ಬರೀ ಕೆಸರು.

ಅದೃಷ್ಟವನ್ನು ನಂಬಿ ಕೂರಬೇಡಿ

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವ ಕೆಲಸದ ವೇಳೆ ಕಿತ್ತಯ್ಯ ಎಂಬ ವೀರನ ಶಾಸನ ಹೊರಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು. ಬೆಂಗಳೂರಿನಲ್ಲಿ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಅದೇ. ನಮ್ಮ ಭಾಷೆಗೆ ಬೆಂಗಳೂರಿನಲ್ಲಿ ಜಾಗ ಎಲ್ಲಿ ಎಂದು ಕೇಳುವವರಿಗೆ 1250 ವರ್ಷದ ಉತ್ತರ! ಅದು ಉಳಿದದ್ದು ಆಸಕ್ತರ ಕಣ್ಣಿಗೆ ಬಿದ್ದದ್ದರಿಂದ. ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂತು. ಅದು ದೇವರ ಪೀಠದ ಕಲ್ಲಾಗಿ ಕೂತಿತ್ತು. ಇವು ಅದೃಷ್ಟದ ಕತೆಗಳು. ಉಳಿದದ್ದು ಮಾತ್ರ ಸುದ್ದಿಯಾಗುತ್ತದೆ. ಪುಡಿಯಾದದ್ದರ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ.

ಮೂಡುಬಿದಿರೆ ಸಮೀಪದ ಮೂಡುಕೊಣಾಜೆಯಲ್ಲಿ ಬೃಹತ್ ಶಿಲಾಯುಗದ 9 ಕಲ್ಮನೆಗಳಿದ್ದವು. ಇವತ್ತು ನೆಟ್ಟಗೆ ನಿಂತಿರುವುದು ಎರಡು. ಶಿರ್ವದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪ್ರೊ. ಟಿ. ಮುರುಗೇಶಿ ಅವರು 2022ರಲ್ಲಿ ಅಲ್ಲಿ ಸುಟ್ಟ ಮಣ್ಣಿನ ಪುಟ್ಟ ಗೊಂಬೆಗಳನ್ನು ಗುರುತಿಸಿದರು. ಗೂಳಿ, ನವಿಲು, ಕುದುರೆ, ಮಾತೃದೇವತೆ. ಕಾಪು ತಾಲೂಕಿನ ಒಂದು ಕಾಲೇಜಿನಿಂದ ಹೊರಟ ಮನುಷ್ಯ ಕಾಲ್ನಡಿಗೆಯಲ್ಲಿ ಹುಡುಕಿದ್ದು. ಉಳಿದ ಏಳು ಕಲ್ಮನೆಗಳ ಒಳಗೆ ಏನಿತ್ತು? ಇನ್ನು ಯಾರು ಹೇಳುತ್ತಾರೆ?

ಕೆಲವರು ಹೇಳುತ್ತಾರೆ, ಇದೆಲ್ಲ ಅಭಿವೃದ್ಧಿಗೆ ಅಡ್ಡಗಾಲು ಎಂದು. ಅಲ್ಲ. ಮೊದಲೇ ನೋಡಿದರೆ ನಡಿಗೆಯ ದಾರಿಯನ್ನು ಹತ್ತು ಅಡಿ ಆಚೆ ಸರಿಸಿದರೆ ಮುಗಿಯಿತು. ಕಾಮಗಾರಿಯ ನಡುವೆ ಸಿಕ್ಕರೆ ಕೆಲಸ ನಿಲ್ಲುತ್ತದೆ, ಕೋರ್ಟು, ಗಲಾಟೆ. ಇಲ್ಲದಿದ್ದರೆ ಕಂಟ್ರಾಕ್ಟರ್ ರಾತ್ರೋರಾತ್ರಿ ಕಲ್ಲನ್ನು ಮಾಯ ಮಾಡುತ್ತಾನೆ. ಯಾವುದು ಅಗ್ಗ ನೀವೇ ಹೇಳಿ. ಇನ್ನು ಕೆಲವರು, ಅಲ್ಲಿ ಏನೂ ಇಲ್ಲ ಬಿಡಿ ಎನ್ನುತ್ತಾರೆ. ಇಲ್ಲದಿರಬಹುದು. ನೋಡಿದ ಮೇಲೆ ಇಲ್ಲ ಎಂದು ಬರೆದು ಸಹಿ ಹಾಕಲಿ, ಒಪ್ಪೋಣ. ನೋಡದೆ ಇಲ್ಲ ಎನ್ನುವುದಕ್ಕೆ ಸೋಮಾರಿತನ ಎನ್ನುತ್ತಾರೆ.

ನೀವು ಮಾಡಬೇಕಾದ್ದು

ಗೆಳೆಯರೆ, ಕಲ್ಲು ಎಸೆಯುವ ಕೆಲಸ ಹೇಳುತ್ತಿಲ್ಲ, ಕಲ್ಲು ಓದುವ ಕೆಲಸ ಹೇಳುತ್ತಿದ್ದೇನೆ.

ಒಂದು. ನಿಮ್ಮ ಊರಿನ ಕೆರೆಗೆ ಪಾರ್ಕು, ಬೋಟಿಂಗ್ ಬರುತ್ತದೆ ಎಂದು ಸುದ್ದಿ ಬಂದ ದಿನವೇ ಯೋಜನಾ ವರದಿ ಕೇಳಿ. 2005ರ ಮಾಹಿತಿ ಹಕ್ಕು ಕಾಯಿದೆ ಕೈಯಲ್ಲಿದೆ. ವರದಿಯಲ್ಲಿ ಪುರಾತತ್ವ ಸಮೀಕ್ಷೆ ಎಂಬ ಪುಟ ಇದೆಯೇ ನೋಡಿ. ಇಲ್ಲದಿದ್ದರೆ ನಗರಸಭೆಗೆ, ಪುರಸಭೆಗೆ, ಪಂಚಾಯಿತಿಗೆ, ಜಿಲ್ಲಾಧಿಕಾರಿಗೆ ಲಿಖಿತ ಮನವಿ ಕೊಡಿ. ಕನ್ನಡದಲ್ಲಿ ಕೊಡಿ. ಉತ್ತರವನ್ನೂ ಕನ್ನಡದಲ್ಲಿ ಕೇಳಿ.

ಎರಡು. ಭಾನುವಾರ ಒಂದು ಕೆರೆ ಸುತ್ತಿ. ಕಂಡದ್ದನ್ನು ಮುಟ್ಟದೆ ಫೋಟೋ ತೆಗೆಯಿರಿ, ಸ್ಥಳ ಗುರುತಿಸಿ, ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ತೋರಿಸಿ. ಅಕ್ಷರದ ಮೇಲೆ ಸುಣ್ಣ, ಅರಿಶಿನ, ಬಣ್ಣ ಬಳಿಯಬೇಡಿ.

ಮೂರು. ನೆಲದಲ್ಲಿ ಏನಾದರೂ ಸಿಕ್ಕರೆ ಬಚ್ಚಿಡಬೇಡಿ. ನಿಧಿಗೆ 1962ರ ಕರ್ನಾಟಕದ ಕಾಯಿದೆ ಇದೆ. ಜಿಲ್ಲಾಡಳಿತಕ್ಕೆ ತಿಳಿಸುವುದು ನಿಮ್ಮ ಹೊಣೆ. ಹಳೆಯ ವಿಗ್ರಹ, ಶಾಸನ ಮಾರುವುದಕ್ಕೆ 1972ರ ಪ್ರಾಚ್ಯವಸ್ತು ಕಾಯಿದೆಯ ತಡೆಯಿದೆ.

ನಾಲ್ಕು. ಸಮೀಕ್ಷೆಯ ವರದಿ ಕನ್ನಡದಲ್ಲಿ ಬರಲಿ ಎಂದು ಹಠ ಹಿಡಿಯಿರಿ. ಕೆರೆಯ ಬಳಿ ಫಲಕ ಹಾಕುವಾಗ ಉದ್ಘಾಟಕರ ಹೆಸರಿನ ಪಟ್ಟಿಗಿಂತ ಮೊದಲು ಕೆರೆಯ ಹೆಸರು, ಅದರ ಅರ್ಥ, ಕಟ್ಟಿಸಿದವರು, ಸಿಕ್ಕ ಶಾಸನದ ಪಾಠ ಇರಲಿ. ಮಣ್ಣಪಳ್ಳಕ್ಕೆ ಮಣ್ಣಪಳ್ಳ ಎಂದೇ ಬರೆಯಲಿ.

ಐದು. ಹಳಗನ್ನಡದ ಅಕ್ಷರ ಓದಲು ಕಲಿಯಿರಿ. ಕೆಲವು ತಿಂಗಳ ಅಭ್ಯಾಸ ಸಾಕು. ಅಮೆರಿಕದ ವೀಸಾ ಫಾರಂ ತುಂಬಲು ಕಲಿತವರು ನೀವು. ನಿಮ್ಮ ಊರಿನ ಕೆರೆಯ ಕಲ್ಲು ಓದಲಾರಿರಾ?

ಭಾಷೆ ಸಾಯುವುದು ಬಾಯಲ್ಲಿ ಮಾತ್ರ ಅಲ್ಲ, ದಾಖಲೆ ಕಳೆದುಕೊಂಡಾಗಲೂ ಸಾಯುತ್ತದೆ. ಅಂಗಡಿಯ ಬೋರ್ಡನ್ನು ನಾಳೆ ಬದಲಿಸಬಹುದು. ಹೋದ ಅಕ್ಷರವನ್ನು ಹೋರಾಟ ಮಾಡಿ ವಾಪಸು ಬರೆಸಬಹುದು. ಜೆಸಿಬಿ ಒಡೆದ ಶಾಸನವನ್ನು ಯಾವ ಚಳವಳಿಯೂ ಮತ್ತೆ ಜೋಡಿಸಲಾರದು. ಈ ಬೇಸಿಗೆಯಲ್ಲಿ ನಿಮ್ಮ ಊರಿನ ಕೆರೆಯ ನೀರು ಇಳಿಯುತ್ತದೆ. ಆಗ ಹೋಗಿ ನೋಡಿ. ಯಂತ್ರ ಬರುವ ಮೊದಲು ನೀವು ಹೋಗಿರಬೇಕು.